ಡ್ರಮ್ಮಿಗೆ ಒಂದೇ ಮೈಕು

ಸ್ಟುಡಿಯೋಗೆ ಬರುವ ಹುಡುಗರು ಫೋನಿನಲ್ಲಿ ಅರವತ್ತರ ದಶಕದ ಗ್ಯಾರೇಜ್ ಪಾಪ್ ಹಾಕಿ ಕೇಳಿಸುತ್ತಾರೆ. "ಸರ್, ನಮಗೂ ಇದೇ ಸೌಂಡ್ ಬೇಕು. ಯಾವ ಪ್ಲಗಿನ್ ಹಾಕಬೇಕು?" ಪ್ಲಗಿನ್ ಅಂದರೆ ಕಂಪ್ಯೂಟರಿನಲ್ಲಿ ಸೌಂಡ್ ಬದಲಿಸುವ ಸಾಫ್ಟ್‌ವೇರ್. ಬಹಳ ವರ್ಷಗಳಿಂದ ರೆಕಾರ್ಡಿಂಗ್ ಮಾಡುತ್ತಿದ್ದೇನೆ, ಈ ಪ್ರಶ್ನೆಗೆ ನನ್ನ ಉತ್ತರ ಬದಲಾಗಿಲ್ಲ. ಪ್ಲಗಿನ್ ಆಮೇಲೆ ನೋಡೋಣ, ಮೊದಲು ಎಲ್ಲರೂ ಒಂದೇ ರೂಮಿನಲ್ಲಿ ನಿಂತು ಒಟ್ಟಿಗೆ ನುಡಿಸಿ.

ಗ್ಯಾರೇಜ್ ಅಂದರೆ ಮನೆಯ ಕಾರ್ ಶೆಡ್ಡೇ. ಅಮೆರಿಕದ ಹದಿಹರೆಯದ ಹುಡುಗರು ಅಲ್ಲಿ ಪ್ರಾಕ್ಟೀಸ್ ಮಾಡಿ, ಊರಿನ ಚಿಕ್ಕ ಸ್ಟುಡಿಯೋದಲ್ಲಿ ಸ್ವಲ್ಪ ಹೊತ್ತಿಗೆ ದುಡ್ಡು ಕೊಟ್ಟು ಹಾಡು ಮುಗಿಸಿಕೊಂಡು ಬರುತ್ತಿದ್ದರು. 1963ರ ಏಪ್ರಿಲ್‌ನಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಕಿಂಗ್ಸ್‌ಮೆನ್ ತಂಡ 'ಲೂಯಿ ಲೂಯಿ' ರೆಕಾರ್ಡ್ ಮಾಡಿದ್ದೂ ಹೀಗೇ. ಮೈಕು ಎತ್ತರದಲ್ಲಿ ತೂಗಾಡುತ್ತಿತ್ತು, ಗಾಯಕ ಜ್ಯಾಕ್ ಈಲಿ ಕತ್ತೆತ್ತಿ ಕೂಗಿ ಹಾಡಬೇಕಾಯಿತು. ಮಾತು ಒಂದೂ ಸರಿಯಾಗಿ ಕೇಳದೆ, ಅದರಲ್ಲಿ ಅಶ್ಲೀಲ ಏನಾದರೂ ಇದೆಯಾ ಅಂತ ಎಫ್‌ಬಿಐ ತನಿಖೆ ನಡೆಸಿತು! ಗಿಟಾರ್ ಸೋಲೋ ಮುಗಿಯುವ ಜಾಗ ಒಮ್ಮೆ ಕಿವಿಗೊಟ್ಟು ಕೇಳಿ. ಈಲಿ ಬೇಗ ಬಾಯಿ ಹಾಕಿಬಿಡುತ್ತಾನೆ, ತಪ್ಪು ಗೊತ್ತಾಗಿ ತಕ್ಷಣ ನಿಲ್ಲಿಸುತ್ತಾನೆ, ಡ್ರಮ್ಮರ್ ಒಂದು ರೋಲ್ ಹೊಡೆದು ಆ ಜಾಗ ತುಂಬುತ್ತಾನೆ. ಯಾರೂ ಅದನ್ನು ತಿದ್ದಲಿಲ್ಲ. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನದವರೆಗೆ ಹೋಯಿತು. ನನಗಂತೂ ಇಡೀ ಹಾಡಿನಲ್ಲಿ ಆ ಎರಡು ಸೆಕೆಂಡೇ ಜಾಸ್ತಿ ಇಷ್ಟ.

ಅಮೆರಿಕದ್ದೇ ಇನ್ನೊಂದು ಊರು ಟಕೋಮಾದ ಸಾನಿಕ್ಸ್ ತಂಡದ 1965ರ ಮೊದಲ ಆಲ್ಬಂ ಎರಡೇ ಟ್ರ್ಯಾಕಿನ (ಶಬ್ದವನ್ನು ಬೇರೆ ಬೇರೆ ಹಿಡಿದಿಡುವ ಎರಡೇ ಪಟ್ಟಿಯ) ಟೇಪಿನಲ್ಲಿ ಆದದ್ದು, ಇಡೀ ಡ್ರಮ್ ಸೆಟ್ಟಿಗೆ ಒಂದೇ ಮೈಕು. ಈಗ ನಾವು ಎಂಟು, ಹತ್ತು ಮೈಕು ಇಡುತ್ತೇವೆ. ಹಾಗಿದ್ದೂ ಅವರ ಡ್ರಮ್ ನಮ್ಮದಕ್ಕಿಂತ ದೊಡ್ಡದಾಗಿ ಕೇಳುತ್ತದೆ, ಯಾಕೆ? ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮೂರು ಮೀಟರ್ ಆಚೆ ಇರುವ ಗಿಟಾರ್ ಮೈಕಿಗೂ ಡ್ರಮ್ಮಿನ ಏಟು ಬೀಳುತ್ತದೆ, ಆದರೆ 9 ಮಿಲಿಸೆಕೆಂಡ್ ತಡವಾಗಿ. ಇದಕ್ಕೆ ನಾವು ಬ್ಲೀಡ್ ಅನ್ನುತ್ತೇವೆ. ಆ ತಡದಲ್ಲೇ ರೂಮಿನ ಅಗಲ ಕೇಳಿಸುತ್ತದೆ, ಡ್ರಮ್ ದೊಡ್ಡದಾಗುತ್ತದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆಸಿ ರೆಕಾರ್ಡ್ ಮಾಡಿದರೆ ಬ್ಲೀಡ್ ಇರುವುದಿಲ್ಲ, ಅದರ ಜೊತೆ ರೂಮೂ ಮಾಯ. ಬ್ಲೀಡ್ ಇದ್ದರೆ ಗಿಟಾರ್ ತಪ್ಪನ್ನು ಆಮೇಲೆ ಒಂದನ್ನೇ ಕಿತ್ತು ಹಾಕೋಕೆ ಆಗಲ್ಲ, ಎಲ್ಲರೂ ಮೊದಲಿಂದ ನುಡಿಸಬೇಕು. ಆ ಹೆದರಿಕೆ ಕೈಯಲ್ಲಿ ಇಳಿದು ಬರುತ್ತದೆ, ಕೇಳುವವನಿಗೂ ತಿಳಿಯುತ್ತದೆ.

ಹೀಗೆ ಹಳೇ ರೀತಿಯಲ್ಲಿ ರೆಕಾರ್ಡ್ ಮಾಡುವುದನ್ನು ಒಂದು ವ್ರತದಂತೆ ಹಿಡಿದವರು ಇಂಗ್ಲೆಂಡಿನ ಬಿಲ್ಲಿ ಚೈಲ್ಡಿಶ್. ಕೆಂಟ್ ಕೌಂಟಿಯ ಚಾಟಮ್‌ನವರು, ಹುಡುಗನಾಗಿದ್ದಾಗ ಅಲ್ಲಿನ ನೌಕಾ ಡಾಕ್‌ಯಾರ್ಡಿನಲ್ಲಿ ಕಲ್ಲುಕುಟಿಗರ ಕೆಲಸ ಕಲಿಯುತ್ತಿದ್ದರು. ಮಿಲ್ಕ್‌ಶೇಕ್ಸ್, ಹೆಡ್‌ಕೋಟ್ಸ್ ಹೀಗೆ ತಂಡದ ಮೇಲೆ ತಂಡ ಕಟ್ಟಿ ನೂರಕ್ಕೂ ಹೆಚ್ಚು ಆಲ್ಬಂ ಮಾಡಿದ್ದಾರೆ. ಸುತ್ತಲೂ ಸಿಂಥಸೈಜರ್, ಡ್ರಮ್ ಮೆಷಿನ್ ತುಂಬಿದ್ದ ಎಂಬತ್ತರ ದಶಕದಲ್ಲೂ ಅವರು ಗಾಜಿನ ವಾಲ್ವ್ ಇರುವ ಹಳೇ ಆಂಪ್ಲಿಫೈಯರ್, ಸರಳವಾದ ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು), ಬೇಗ ಮುಗಿಯುವ ಟೇಕ್ ಬಿಡಲಿಲ್ಲ. ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಆಸೆ ಅವರದಲ್ಲ, ಹಾಗಾಗಿಯೇ ಅವರ ಹಾಡು ಇವತ್ತಿನದು ಅನ್ನಿಸುತ್ತದೆ. ಅವರನ್ನು ಮೆಚ್ಚುವ ಅಮೆರಿಕದ ಗಿಟಾರಿಸ್ಟ್ ಜ್ಯಾಕ್ ವೈಟ್ 2002ರಲ್ಲಿ ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋಗೆ ಹೋಗಿ, ಎಂಟು ಟ್ರ್ಯಾಕಿನ ಟೇಪಿನಲ್ಲಿ, ಎರಡು ವಾರದ ಆಸುಪಾಸಿನಲ್ಲಿ ತಮ್ಮ ವೈಟ್ ಸ್ಟ್ರೈಪ್ಸ್ ತಂಡದ 'ಎಲಿಫೆಂಟ್' ಆಲ್ಬಂನ ಬಹುಪಾಲು ಮುಗಿಸಿದರು. ಕಂಪ್ಯೂಟರ್ ಇಲ್ಲದೆ ಮಾಡಿದ ಆ ಆಲ್ಬಂಗೆ ಗ್ರ್ಯಾಮಿ ಬಂತು.

ಹೋದ ತಿಂಗಳು ಮೂವರು ಹುಡುಗರು ಬಂದಿದ್ದರು. ಹೆಡ್‌ಫೋನ್ ತೆಗೆಸಿದೆ, ತಾಳ ತೋರಿಸುವ ಕ್ಲಿಕ್ ಸದ್ದು ನಿಲ್ಲಿಸಿದೆ, ಡ್ರಮ್ಮರಿನ ತಲೆಗಿಂತ ಸ್ವಲ್ಪ ಮೇಲೆ ಒಂದೇ ಮೈಕು ಇಟ್ಟು, ಸೆಟ್ಟಿನ ಸ್ನೇರ್ ಡ್ರಮ್ಮಿನ ಕಡೆ ತಿರುಗಿಸಿದೆ. ಸಿಂಬಲ್ (ಕಂಚಿನ ತಟ್ಟೆ) ಜಾಸ್ತಿ ಕೇಳುತ್ತಿತ್ತು. ಮೈಕು ಮುಟ್ಟಲಿಲ್ಲ, ಸಿಂಬಲ್ಲಿಗೆ ಮೆಲ್ಲಗೆ ಹೊಡಿಯಪ್ಪಾ ಅಂದೆ, ಮಿಕ್ಸ್, ಅಂದರೆ ಎಲ್ಲ ಶಬ್ದದ ಹದ, ಅಲ್ಲೇ ಆಯಿತು. ನಾಲ್ಕನೇ ಟೇಕ್ ಚೆನ್ನಾಗಿ ಬಂತು. ಎರಡನೇ ಚರಣದಲ್ಲಿ ಬೇಸಿನ ಒಂದು ಸ್ವರಕ್ಕೆ ಮಾತ್ರ ಸ್ನೇರಿನ ಕೆಳಗಿನ ತಂತಿ ಜರ್ರ್ ಅಂತ ಅದುರುತ್ತಿತ್ತು. ಇನ್ನೊಂದು ಟೇಕ್ ತಗೊಳ್ಳೋಣವಾ ಅಂದೆ. ಡ್ರಮ್ಮರ್ ಆ ಜಾಗವನ್ನು ಮೂರು ಸಲ ಹಾಕಿಸಿಕೊಂಡು ಕೇಳಿದ.

"ಬೇಡ ಸರ್, ಇರಲಿ."