ಫೈಲ್ ತಡೆದ ಮಂತ್ರಿಗೆ ಶಿಕ್ಷೆಯಾದ ಪ್ರಕರಣ

ಸರ್ಕಾರಿ ಕಚೇರಿ ನಮ್ಮ ಅರ್ಜಿ ತಿರಸ್ಕರಿಸಿ ಹಿಂಬರಹ ಕೊಟ್ಟರೆ ವಕೀಲರಿಗೆ ದಾರಿ ಇರುತ್ತದೆ. ಆ ಹಾಳೆ ಹಿಡಿದು ಕೋರ್ಟಿಗೆ ಹೋಗಬಹುದು. ಕಷ್ಟ ಇರುವುದು ಏನೂ ಹೇಳದೆ ಅರ್ಜಿಯನ್ನು ಸುಮ್ನೆ ಇಟ್ಟುಕೊಂಡಾಗ. ಸರ್ಕಾರದ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಅರ್ಜಿ ನಡೆಸುವ ನನ್ನಂಥ ವಕೀಲರ ಹತ್ತಿರ ಇಂಥ ಕಕ್ಷಿದಾರರೇ ಜಾಸ್ತಿ. "ಸರ್, ಫೈಲ್ ಮುಂದಕ್ಕೇ ಹೋಗ್ತಿಲ್ಲ. ತಡೆದವರಿಗೆ ಏನೂ ಆಗಲ್ವಾ?" ಅಂತ ಕೇಳುತ್ತಾರೆ. ಡೆನ್ಮಾರ್ಕಿನಲ್ಲಿ ಆಗಿದೆ. ಅದೂ ಆ ದೇಶದ ನ್ಯಾಯ ಮಂತ್ರಿಗೆ.

ಆ ಮಂತ್ರಿ ಎರಿಕ್ ನಿನ್-ಹ್ಯಾನ್ಸೆನ್. ಹುಟ್ಟಿದ್ದು 1922ರಲ್ಲಿ. ಕಾನೂನು ಓದಿದವರು. ಕನ್ಸರ್ವೇಟಿವ್ ಪಕ್ಷದಿಂದ 1953ರಲ್ಲಿ ಸಂಸತ್ತಿಗೆ ಬಂದರು. ಅಲ್ಲಿನ ಸಂಸತ್ತನ್ನು ಫೋಲ್ಕೆಟಿಂಗ್ ಅನ್ನುತ್ತಾರೆ. ನಲವತ್ತು ವರ್ಷ ಅಲ್ಲೇ ಇದ್ದರು. 1968ರಿಂದ ರಕ್ಷಣಾ ಮಂತ್ರಿ, 1971ರಲ್ಲಿ ಸ್ವಲ್ಪ ಕಾಲ ಹಣಕಾಸು ಮಂತ್ರಿ. 1982ರಲ್ಲಿ ಅವರದೇ ಪಕ್ಷದ ಪೌಲ್ ಶ್ಲೂಟರ್ ಪ್ರಧಾನಿಯಾದಾಗ ನ್ಯಾಯ ಖಾತೆ ಸಿಕ್ಕಿತು. ವಿದೇಶಿಯರ ವಿಷಯವೂ ಆಗ ಅದೇ ಖಾತೆಯ ಕೆಳಗಿತ್ತು.

1983ರಲ್ಲಿ ಡೆನ್ಮಾರ್ಕ್ ಹೊಸ ವಿದೇಶಿಯರ ಕಾಯ್ದೆ ಮಾಡಿತು. ಯುರೋಪಿನಲ್ಲೇ ಉದಾರವಾದ ಕಾಯ್ದೆ ಅದು. ಆಶ್ರಯ ಸಿಕ್ಕ ನಿರಾಶ್ರಿತರು ಹೆಂಡತಿ ಅಥವಾ ಗಂಡನನ್ನು, 18 ತುಂಬದ ಮಕ್ಕಳನ್ನು ಕರೆಸಿಕೊಳ್ಳಬಹುದಿತ್ತು. ಇದು ಸರ್ಕಾರದ ದಯೆಯಲ್ಲ, ಕಾಯ್ದೆಯೇ ಕೊಟ್ಟ ಹಕ್ಕು. ಇಡೀ ಪ್ರಕರಣ ನಿಂತಿರುವುದು ಈ ಒಂದು ಅಂಶದ ಮೇಲೆ.

ಅದೇ 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ಭೀಕರ ಹಿಂಸೆ ನಡೆಯಿತು. ಅದಾದ ಮೇಲಿನ ವರ್ಷಗಳಲ್ಲಿ ಶ್ರೀಲಂಕಾ ಬಿಟ್ಟ ತಮಿಳರಲ್ಲಿ ಕೆಲವರು ಡೆನ್ಮಾರ್ಕ್ ಸೇರಿದರು. ಹೆಚ್ಚಿನವರು ಗಂಡಸರು. ಮನೆಯವರು ಊರಲ್ಲೇ ಉಳಿದಿದ್ದರು. 1987ರ ಜುಲೈನಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಅಲ್ಲಿನ ಸಂಘರ್ಷ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಇನ್ನು ಅಲ್ಲಿ ಶಾಂತಿ ಬರುತ್ತದೆ, ಇವರೆಲ್ಲ ವಾಪಸ್ ಹೋಗಬಹುದು ಎಂಬ ಲೆಕ್ಕಾಚಾರ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಶುರುವಾಯಿತು. ಆ ವರ್ಷ ಸೆಪ್ಟೆಂಬರ್ ಹೊತ್ತಿಗೆ ತಮಿಳರ ಕುಟುಂಬಗಳ ಅರ್ಜಿಗಳು ನಿಂತವು. ಅಕ್ಟೋಬರ್‌ನಲ್ಲಿ ಶ್ರೀಲಂಕಾದ ತಮಿಳರ ಊರಾದ ಜಾಫ್ನಾದಲ್ಲಿ ಮತ್ತೆ ಯುದ್ಧ ಹತ್ತಿಕೊಂಡಿತು. ಅರ್ಜಿಗಳು ಮಾತ್ರ ಅಲ್ಲಾಡಲಿಲ್ಲ.

ಯಾವ ಅರ್ಜಿಯನ್ನೂ ತಿರಸ್ಕರಿಸಲಿಲ್ಲ ಎಂಬುದನ್ನು ಗಮನಿಸಿ. ತಿರಸ್ಕರಿಸಿದ್ದರೆ ಕಾರಣ ಬರೆಯಬೇಕಿತ್ತು. ಕಾಯ್ದೆಯಲ್ಲಿ ಅಂಥ ಕಾರಣ ಇರಲಿಲ್ಲ. ಅದಕ್ಕೇ ಅವನ್ನು ಕಟ್ಟಿನ ಅಡಿಗೆ ಸೇರಿಸಿದರು. ಇದು ಕಾನೂನಿಗೆ ಸರಿಹೊಂದುವುದಿಲ್ಲ ಎಂದು ಒಳಗಿನ ಅಧಿಕಾರಿಗಳೇ ಹೇಳಿದ್ದರು. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬುದು ಆಡಳಿತದ ವಿಷಯ ಎಂದು ಮಂತ್ರಿಯ ಕಡೆಯವರು ವಾದಿಸಿದರು. ಈ ವಾದವನ್ನು ನಾನು ಬೇರೆ ಬೇರೆ ರೂಪದಲ್ಲಿ ಸರ್ಕಾರಿ ವಕೀಲರ ಬಾಯಲ್ಲಿ ಕೇಳುತ್ತಲೇ ಇರುತ್ತೇನೆ. ಅದರಲ್ಲಿ ಅರ್ಧ ಸತ್ಯ ಇದೆ. ಕೆಲಸದ ಹೊರೆ ಇದ್ದಾಗ ಸರದಿ ಬೇಕೇ ಬೇಕು. ಆದರೆ ಒಂದು ದೇಶದವರ ಅರ್ಜಿಗಳನ್ನಷ್ಟೇ ಬೇರೆ ತೆಗೆದು, ಅವರ ಸರದಿಯೇ ಬರದಂತೆ ಮಾಡಿದರೆ ಅದು ಸರದಿಯಲ್ಲ, ನಿರಾಕರಣೆ. 18ರ ಗಡಿ ಇರುವ ಹಕ್ಕಿನಲ್ಲಂತೂ ಹದಿನೇಳರ ಹುಡುಗನನ್ನು ಒಂದು ವರ್ಷ ಕಾಯಿಸಿದರೆ ಸಾಕು, ಹಕ್ಕೇ ಮುಗಿಯಿತು.

1989ರ ಜನವರಿಯಲ್ಲಿ ನಿನ್-ಹ್ಯಾನ್ಸೆನ್ ಖಾತೆ ಬಿಟ್ಟು ಸಂಸತ್ತಿನ ಅಧ್ಯಕ್ಷರಾದರು. ಹೊಸ ಮಂತ್ರಿ ಬಂದ ಮೇಲೆ ಅರ್ಜಿಗಳು ಚಲಿಸಿದವು. ಅದೇ ವರ್ಷ ಸಂಸತ್ತಿನ ಒಂಬುಡ್ಸ್‌ಮನ್, ಅಂದರೆ ಆಡಳಿತದ ಮೇಲಿನ ದೂರು ನೋಡುವ ಅಧಿಕಾರಿ, ತಡೆಯನ್ನು ಟೀಕಿಸಿ ವರದಿ ಕೊಟ್ಟರು. ಏನನ್ನೂ ಮುಚ್ಚಿಟ್ಟಿಲ್ಲ ಎಂದು ಪ್ರಧಾನಿ ಶ್ಲೂಟರ್ ಸಂಸತ್ತಿಗೆ ಹೇಳಿದರು. ನಿನ್-ಹ್ಯಾನ್ಸೆನ್ ಆ ವರ್ಷವೇ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. ಸುಪ್ರೀಂ ಕೋರ್ಟ್ ನ್ಯಾಯಾಧೀಶ ಮೊಗೆನ್ಸ್ ಹಾರ್ನ್‌ಸ್ಲೆಟ್ ವಿಚಾರಣೆ ನಡೆಸಿ 1993ರ ಜನವರಿಯಲ್ಲಿ ವರದಿ ಕೊಟ್ಟರು. ಪ್ರಧಾನಿಯ ಮಾತು ಸುಳ್ಳಾಯಿತು. ಶ್ಲೂಟರ್ ರಾಜೀನಾಮೆ ಕೊಟ್ಟರು. ಚುನಾವಣೆ ಇಲ್ಲದೆಯೇ, ಹತ್ತು ವರ್ಷ ಅಧಿಕಾರದಿಂದ ಹೊರಗಿದ್ದ ಸೋಶಿಯಲ್ ಡೆಮಾಕ್ರಟರು ಸರ್ಕಾರ ರಚಿಸಿದರು.

ಮಂತ್ರಿಗಳ ವಿಚಾರಣೆಗೆಂದೇ ಡೆನ್ಮಾರ್ಕಿನಲ್ಲಿ ಒಂದು ವಿಶೇಷ ನ್ಯಾಯಾಲಯ ಇದೆ. ಹೆಸರು ರಿಗ್ಸ್‌ರೆಟ್. ಅರ್ಧ ಸುಪ್ರೀಂ ಕೋರ್ಟ್ ನ್ಯಾಯಾಧೀಶರು, ಉಳಿದರ್ಧ ಸಂಸತ್ತು ಆರಿಸಿದವರು. 1910ರಿಂದ ಅದು ಕೂತೇ ಇರಲಿಲ್ಲ. 1995ರ ಜೂನ್ 22ರಂದು 20 ಜನರಲ್ಲಿ 15 ಜನ ನಿನ್-ಹ್ಯಾನ್ಸೆನ್ ತಪ್ಪಿತಸ್ಥ ಎಂದರು. ಆಧಾರ 1964ರ ಮಂತ್ರಿಗಳ ಹೊಣೆಗಾರಿಕೆ ಕಾಯ್ದೆ. ನಾಲ್ಕು ತಿಂಗಳ ಜೈಲು ಶಿಕ್ಷೆ, ಆದರೆ ಅಮಾನತಿನಲ್ಲಿ, ಅಂದರೆ ಜೈಲಿಗೆ ಹೋಗಬೇಕಾಗಲಿಲ್ಲ. ಆಗ ಅವರಿಗೆ 73 ವಯಸ್ಸು, ಆರೋಗ್ಯ ಕೆಟ್ಟಿತ್ತು.

ಸಂಸತ್ತೇ ದೂರುದಾರ, ಅರ್ಧ ತೀರ್ಪುಗಾರರೂ ಸಂಸತ್ತು ಆರಿಸಿದವರೇ, ಇದು ನ್ಯಾಯವೇ ಎಂದು ಅವರು ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಕೇಳಿದರು. 1999ರಲ್ಲಿ ಅರ್ಜಿ ಬಿದ್ದುಹೋಯಿತು. ಆದರೂ ಆ ಪ್ರಶ್ನೆ ಹಗುರವಾದದ್ದಲ್ಲ ಎಂದೇ ನನ್ನ ಅನಿಸಿಕೆ. ಕಟಕಟೆಯಲ್ಲಿ ನಿಂತ ಯಾರಿಗೂ ಹಾಗೆ ಕೇಳುವ ಹಕ್ಕಿದೆ. ಮಂತ್ರಿಗೂ ಇದೆ.

ಈ ತೀರ್ಪು ಒಂದೇ ಸಲದ ಅಪರೂಪ ಆಗಿ ಉಳಿಯಲಿಲ್ಲ. 2016ರ ಫೆಬ್ರವರಿಯಲ್ಲಿ ವಲಸೆ ಮಂತ್ರಿ ಇಂಗರ್ ಸ್ಟೊಯ್‌ಬರ್ಗ್ ಒಂದು ಸೂಚನೆ ಹೊರಡಿಸಿದರು. ಆಶ್ರಯ ಕೇಳಿದ ಗಂಡಹೆಂಡಿರಲ್ಲಿ ಒಬ್ಬರಿಗೆ 18 ಆಗಿರದಿದ್ದರೆ ಇಬ್ಬರನ್ನೂ ಬೇರೆ ಬೇರೆ ಕೇಂದ್ರದಲ್ಲಿ ಇಡಬೇಕು, ವಿನಾಯಿತಿ ಇಲ್ಲ. ಬಾಲವಧುಗಳನ್ನು ಕಾಪಾಡುವ ಉದ್ದೇಶವನ್ನು ಯಾರೂ ತಪ್ಪು ಎನ್ನಲಾರರು. ತಪ್ಪಾದದ್ದು ಒಂದೊಂದು ಜೋಡಿಯ ಪರಿಸ್ಥಿತಿಯನ್ನು ನೋಡದೇ ಇದ್ದದ್ದು. 2021ರ ಡಿಸೆಂಬರ್‌ನಲ್ಲಿ ರಿಗ್ಸ್‌ರೆಟ್‌ನ 26 ಜನರಲ್ಲಿ 25 ಜನ ಅವರನ್ನು ತಪ್ಪಿತಸ್ಥೆ ಎಂದರು. 60 ದಿನದ ಶಿಕ್ಷೆ, ಈ ಸಲ ಅಮಾನತಿಲ್ಲದೆ. ಸಂಸತ್ತು ಅವರ ಸದಸ್ಯತ್ವವನ್ನೂ ತೆಗೆಯಿತು. ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಶಿಕ್ಷೆ ಮುಗಿಸಿದರು. 2022ರಲ್ಲಿ ಹೊಸ ಪಕ್ಷ ಕಟ್ಟಿ, ಅದೇ ವರ್ಷದ ಚುನಾವಣೆಯಲ್ಲಿ 14 ಸ್ಥಾನ ಗೆದ್ದು ಸಂಸತ್ತಿಗೆ ವಾಪಸ್ ಬಂದರು. ಮತದಾರರು ಕೊಟ್ಟ ತೀರ್ಪು ಬೇರೆ, ನ್ಯಾಯಾಲಯ ಕೊಟ್ಟ ತೀರ್ಪು ಬೇರೆ. ಡೆನ್ಮಾರ್ಕ್ ಎರಡನ್ನೂ ಒಪ್ಪಿಕೊಂಡಿತು.