ಅಮ್ಮ, ಪಿನ್ನು ಹಾಕಿದ್ರಾ?

ಗೌರಿ ಹಬ್ಬಕ್ಕೆ ಒಂದು ವಾರ ಇದೆ ಅನ್ನುವಾಗ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಮನೆಯೆಲ್ಲ ಧೂಳು ಹೊಡೆಯುವಾಗ ಗ್ಯಾಸ್ ಒಲೆಯೂ ಕೈಗೆ ಸಿಕ್ಕಿಬಿಡುತ್ತದೆ. ಬರ್ನರ್ ತೆಗೆದು ಹುಣಸೆಹಣ್ಣಲ್ಲಿ ತಿಕ್ಕಿ ದೇವರ ದೀಪದ ಪಕ್ಕ ಇಟ್ಟರೆ ಎರಡೂ ಒಂದೇ ಹೊಳಪು. ಮಾರನೇ ದಿನ ನನಗೆ ಫೋನು. "ನೋಡಪ್ಪಾ, ಅಷ್ಟು ಚೆನ್ನಾಗಿ ತೊಳೆದಿದ್ದೀನಿ, ಆದ್ರೂ ಉರಿ ಹಳದಿ ಬರ್ತಿದೆ. ಪಾತ್ರೆ ತಳವೆಲ್ಲ ಮಸಿ."

ನಾನು ಕೇಳುವುದು ಒಂದೇ ಮಾತು. "ಅಮ್ಮ, ಪಿನ್ನು ಹಾಕಿದ್ರಾ?"

ಉತ್ತರ ತಡವಾದರೆ ಹಾಕಿದ್ದಾರೆ ಅಂತಲೇ ಲೆಕ್ಕ. ಹೊಸ ಜೆಟ್ ಒಂದೆರಡು ಜೇಬಿಗೆ ಹಾಕಿಕೊಂಡು ಹೊರಡುತ್ತೇನೆ.

ಮೈಸೂರಿನಲ್ಲಿ ಒಲೆ ರಿಪೇರಿ ಮಾಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಬಾಯಿ ನೋವು ಬರುವಷ್ಟು ಸಲ ಹೇಳಿದ್ದೇನೆ, ಈಗ ಬರೆದೂ ನೋಡೋಣ ಅಂತ ಕೂತಿದ್ದೇನೆ. ನಿಮ್ಮ ಒಲೆಯಲ್ಲಿ ಎರಡು ಜಾತಿಯ ತೂತುಗಳಿವೆ. ಒಂದು ಬರ್ನರ್ ತಲೆಯ ಸುತ್ತ ಕಾಣುವ ಸಾಲು ತೂತುಗಳು. ಉರಿ ಬರುವುದು ಅಲ್ಲಿಂದ. ಉಕ್ಕಿದ ಹಾಲು, ಅನ್ನದ ಗಂಜಿ, ಒಗ್ಗರಣೆ ಎಣ್ಣೆ ಕಟ್ಟಿಕೊಳ್ಳುವುದೂ ಅಲ್ಲೇ. ಆ ತೂತುಗಳಿಗೆ ಮೆಲ್ಲಗೆ ಪಿನ್ನು ಆಡಿಸಿದರೆ ನನ್ನ ತಕರಾರಿಲ್ಲ. ಇನ್ನೊಂದು ತೂತು ಒಲೆಯ ಹೊಟ್ಟೆಯೊಳಗೆ, ನಾಬ್ ಹಿಂದೆ ಇದೆ. ಹಿತ್ತಾಳೆಯ ಒಂದು ಪುಟ್ಟ ತುಂಡು, ಅದರ ಮೂತಿಯಲ್ಲಿ ಒಂದೇ ತೂತು, ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದೇ ಜೆಟ್. ಅದು ಅಕ್ಕಿ ಅಳೆಯುವ ಪಾವಿನ ಹಾಗೆ. ಬರ್ನರಿಗೆ ಎಷ್ಟು ಗ್ಯಾಸ್ ಹೋಗಬೇಕು ಅಂತ ಅಳತೆ ನೋಡಿ ಕೊರೆದಿರುತ್ತಾರೆ. ಅದಕ್ಕೆ ಪಿನ್ನು ಹಾಕುವುದು ಅಂದರೆ ಪಾವಿನ ತಳ ಬಡಿದು ದೊಡ್ಡದು ಮಾಡಿದ ಹಾಗೆ.

ಹಿತ್ತಾಳೆ ಮೆತ್ತಗೆ, ಪಿನ್ನು ಉಕ್ಕು. ಗೆಲ್ಲುವುದು ಯಾವುದು ಅಂತ ನಾನು ಹೇಳಬೇಕಾ?

ಒಮ್ಮೆ ಕುವೆಂಪುನಗರದ ಒಂದು ಮನೆಗೆ ಹೋಗಿದ್ದೆ. ಯಜಮಾನರು ರಿಟೈರ್ ಆದ ಲೆಕ್ಕದ ಮೇಷ್ಟ್ರು. ಸಿಲಿಂಡರ್ ಬೇಗ ಖಾಲಿಯಾಗುತ್ತಿದೆ, 14.2 ಕೆಜಿ ಪೂರ್ತಿ ತುಂಬುತ್ತಲೇ ಇಲ್ಲ, ಇದು ಮೋಸ ಅಂತ ಶುರು ಮಾಡಿದರು. ಜೆಟ್ ಬಿಚ್ಚಿ ನೋಡಿದೆ. ದಬ್ಬಣ ಹಾಕಿದ್ದಾರೇನೋ ಅನ್ನಿಸುವ ಹಾಗಿತ್ತು. "ಸಾರ್, 0.7 ಮಿಲಿಮೀಟರ್ ತೂತು 0.8 ಆದ್ರೆ ಗ್ಯಾಸ್ ಎಷ್ಟು ಜಾಸ್ತಿ ಹೋಗುತ್ತೆ?" ಅಂದೆ. "ಏಳಕ್ಕೆ ಎಂಟು, ಒಂದು ಹದಿನಾಲ್ಕು ಪರ್ಸೆಂಟ್" ಅಂದರು ಥಟ್ಟನೆ. ಆಮೇಲೆ ಸ್ವಲ್ಪ ತಡೆದು, ಪೇಪರಿನ ಅಂಚಿನಲ್ಲಿ ಪೆನ್ನಿನಿಂದ ಗೀಚಿದರು. ಹೋಗುವುದು ತೂತಿನ ಅಗಲಕ್ಕೆ ತಕ್ಕಂತೆ ಅಲ್ಲ, ಅದರ ವರ್ಗಕ್ಕೆ ತಕ್ಕಂತೆ. 49ಕ್ಕೆ 64. ಮೂವತ್ತು ಪರ್ಸೆಂಟ್ ಜಾಸ್ತಿ. ಒಳಗಿಂದ ಅಮ್ಮನವರು, "ನಲವತ್ತು ವರ್ಷ ಊರ ಮಕ್ಕಳಿಗೆಲ್ಲ ಹೇಳ್ಕೊಟ್ಟು, ಮನೇಲಿ ದಬ್ಬಣ ಚುಚ್ಚಿದ್ರಲ್ಲ" ಅಂದರು. ಏಜೆನ್ಸಿಯವರ ಮೇಲಿನ ಮೋಸದ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಜಾಸ್ತಿ ಗ್ಯಾಸ್ ಬಂದರೆ ಜಾಸ್ತಿ ಉರಿ, ಒಳ್ಳೆಯದೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಒಲೆಯಲ್ಲಿ ಫ್ಯಾನಿಲ್ಲ, ಪಂಪಿಲ್ಲ. ಜೆಟ್ಟಿನಿಂದ ಗ್ಯಾಸ್ ಚಿಮ್ಮುವ ರಭಸವೇ ಪಕ್ಕದ ಕಿಂಡಿಯಿಂದ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಜೆಟ್ಟಿನಿಂದ ಬರ್ನರಿಗೆ ಹೋಗುವ ಕೊಳವೆ, ಅಂದರೆ ಮಿಕ್ಸಿಂಗ್ ಟ್ಯೂಬಿನಲ್ಲಿ ಎರಡೂ ಬೆರೆತು ಬಂದರೆ ಉರಿ ನೀಲಿ. ನಮ್ಮ ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಒಂದು ಲೋಟ ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಲೋಟ ಗಾಳಿ ಬೇಕು, ಬ್ಯುಟೇನಿಗೆ 31. ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಬರುತ್ತದೆ, ಗಾಳಿ ಅದಕ್ಕೆ ತಕ್ಕಷ್ಟು ಬರುವುದಿಲ್ಲ. ತೂತು ದೊಡ್ಡದಾಗದೆ ಬರೀ ಅಂಚು ಗೀರಿದರೂ ಗ್ಯಾಸ್ ಸೊಟ್ಟ ಚಿಮ್ಮಿ ಟ್ಯೂಬಿನ ಗೋಡೆಗೆ ಬಡಿಯುತ್ತದೆ. ಆಗ ಹಳದಿ ಉರಿ, ಮಸಿ. ಜೊತೆಗೆ ಬಣ್ಣವೂ ಇಲ್ಲದ, ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್. ಹೆದರಿಸಲು ಹೇಳುತ್ತಿಲ್ಲ. ಆದರೆ ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಇದು ತಮಾಷೆಯ ವಿಷಯವಲ್ಲ.

ಈ ಪಿನ್ನಿನ ಚಾಳಿ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ಅಜ್ಜಿಯ ಹತ್ತಿರ ಸೀಮೆಎಣ್ಣೆಯ ಪಂಪ್ ಸ್ಟೌ ಇತ್ತು. ಅದರ ಪಕ್ಕದಲ್ಲೇ ತಗಡಿನ ಹಿಡಿಕೆಯ ಸ್ಟೌ ಪಿನ್ನು. ಸೀಮೆಎಣ್ಣೆ ಕಾದು ಆವಿಯಾಗುವಾಗ ಕಿಟ್ಟ ಕಟ್ಟುತ್ತಿತ್ತು, ಚುಚ್ಚದಿದ್ದರೆ ಸ್ಟೌ ಉರಿಯುತ್ತಲೇ ಇರಲಿಲ್ಲ. ಆದರೆ ಆ ಪಿನ್ನಿನ ತಂತಿ ಆ ತೂತಿಗೆಂದೇ ಮಾಡಿದ್ದು, ಕೂದಲಿನ ಹಾಗೆ ಸಣ್ಣದು. ಸ್ಟೌ ಗುಜರಿಗೆ ಹೋಯಿತು, ಬುದ್ಧಿ ಮಾತ್ರ ಮನೆಯಲ್ಲೇ ಉಳಿಯಿತು. ಈಗ ಕೈಗೆ ಸಿಕ್ಕಿದ್ದು ಸೀರೆಯ ಪಿನ್ನು. ಗ್ಯಾಸಿನ ಜೆಟ್ ಅಷ್ಟು ಸುಲಭಕ್ಕೆ ಕಟ್ಟುವುದಿಲ್ಲ. ನಿಜವಾಗಿ ಕಟ್ಟಿದರೆ ಬದಲಾಯಿಸಿ. ಹೋಟೆಲಿನ ಒಂದು ಮಸಾಲೆ ದೋಸೆಯಷ್ಟೂ ಆಗುವುದಿಲ್ಲ ಅದರ ಖರ್ಚು, ನನ್ನ ಕೂಲಿ ಬೇರೆ ಬಿಡಿ.

ಹಾಗಾದರೆ ಉರಿ ಸಣ್ಣಗಾಗುವುದು ಯಾಕೆ? ನಾನು ಕಂಡ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಮಿಕ್ಸಿಂಗ್ ಟ್ಯೂಬಿನದ್ದು. ಅದನ್ನು ಯಾರೂ ಇಣುಕಿ ನೋಡುವುದೇ ಇಲ್ಲ. ಕತ್ತಲೆ, ಬೆಚ್ಚಗೆ, ಎರಡೂ ಕಡೆ ಬಾಯಿ. ಜಿರಳೆ, ಇರುವೆ, ಜೇಡಕ್ಕೆ ಇನ್ನೇನು ಬೇಕು? ಒಂದು ಮನೆಯವರು ಅಮೆರಿಕದ ಮಗನ ಹತ್ತಿರ ಹೋಗಿ ಮೂರು ತಿಂಗಳ ಮೇಲೆ ಬಂದರು. ಒಲೆ ಹಚ್ಚಿದರೆ ಉರಿ ಮೇಲೆ ಬರುವ ಬದಲು ಕೆಳಗೆ, ನಾಬ್ ಹತ್ತಿರ ಬುಸ್ ಅಂತ ಹತ್ತಿಕೊಂಡಿತು. ಟ್ಯೂಬಿನೊಳಗೆ ಬೆಳ್ಳಗೆ ಬಲೆ. ಗ್ಯಾಸಿಗೆ ಮುಂದೆ ದಾರಿಯಿಲ್ಲದೆ ಗಾಳಿ ಕಿಂಡಿಯಿಂದ ಹಿಂದಕ್ಕೆ ಬಂದಿತ್ತು. ಹೀಗೆ ಆದರೆ ತಕ್ಷಣ ನಾಬ್ ಮುಚ್ಚಿ, ರೆಗ್ಯುಲೇಟರ್ ಬಂದ್ ಮಾಡಿ. ಅಮೆರಿಕದ ಮಗನ ಹಿತ್ತಲಿನಲ್ಲಿ ಮಾಂಸ ಸುಡುವ ದೊಡ್ಡ ಗ್ಯಾಸ್ ಗ್ರಿಲ್ ಇದೆಯಂತೆ, ಅದರಲ್ಲೂ ಇದೇ ಕಥೆ. ಅಲ್ಲಿ ಜೇಡದ ಕಾಟಕ್ಕೆ ಗಾಳಿ ಕಿಂಡಿಗೆ ಸಣ್ಣ ಜಾಲರಿ ಹಾಕಿಯೇ ಮಾರುವುದುಂಟು. ಹಂಚಿನ ಮೇಲೆ ರೊಟ್ಟಿ ಸುಡುವ ನಮಗೆ ಬಾಟಲಿ ತೊಳೆಯುವ ಸಣ್ಣ ಬ್ರಶ್ ಸಾಕು. ಮೇಲೆತ್ತಿದರೆ ಬರುವ ಟ್ಯೂಬ್ ಆದರೆ ನೀವೇ ಉಜ್ಜಬಹುದು. ಗಾಜಿನ ಒಲೆಯಲ್ಲಿ ಸ್ಕ್ರೂ ಬಿಚ್ಚಬೇಕಾದರೆ ಬೇಡ, ನಮ್ಮಂಥವರನ್ನು ಕರೆಯಿರಿ.

ರಸಂ ಉಕ್ಕಿದಾಗ ಉರಿಯಲ್ಲಿ ಕಿತ್ತಳೆ ಬಣ್ಣದ ಎಳೆಗಳು ಕಂಡರೆ ಗಾಬರಿ ಬೇಡ. ಅದು ಉಪ್ಪಿನ ಸೋಡಿಯಂ ಉರಿಗೆ ಕೊಡುವ ಬಣ್ಣ, ಐದು ನಿಮಿಷದಲ್ಲಿ ಹೋಗುತ್ತದೆ.

ಪೈಪಿನ ಗ್ಯಾಸ್ ಬಂದವರಿಗೂ ಒಂದು ಮಾತು. ಅದರ ಜೆಟ್ಟಿನ ತೂತು ದೊಡ್ಡದು. ಆ ಒಲೆಯನ್ನು ಊರಿಗೆ ಕೊಂಡೊಯ್ದು ಹಾಗೇ ಸಿಲಿಂಡರಿಗೆ ಹಾಕಿದರೆ ಉರಿ ಸೂರಿಗೆ ಏಳುತ್ತದೆ. ಜೆಟ್ ಬದಲಾಯಿಸದೆ ಹಚ್ಚಬೇಡಿ. ಇನ್ನು ವಾಸನೆ ಬರುತ್ತಿದ್ದರೆ ಕ್ಲೀನಿಂಗ್ ಮಾತೇ ಇಲ್ಲ. ಸ್ವಿಚ್ ಮುಟ್ಟದೆ ಕಿಟಕಿ ತೆಗೆದು, ಹೊರಗೆ ಬಂದು, ಸಿಲಿಂಡರ್ ಗ್ಯಾಸ್ ಆದರೆ ಅದರ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.

ನಿಂಬೆರಸ, ಈನೋ ಹಾಕಿ ರಾತ್ರಿಯೆಲ್ಲ ನೆನೆಸುವ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ನೊರೆ ಚೆನ್ನಾಗಿ ಬರುತ್ತದೆ. ಅರ್ಧ ಗಂಟೆ ಬಿಸಿ ಸೋಪಿನ ನೀರು, ಒಂದು ಹಳೆಯ ಹಲ್ಲುಜ್ಜುವ ಬ್ರಶ್, ನನ್ನ ಪ್ರಕಾರ ಇಷ್ಟೇ ಸಾಕು. ಹುಳಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಹಿತ್ತಾಳೆಯೇ ಸವೆಯುತ್ತದೆ. ಆಮೇಲೆ ತಲೆಕೆಳಗೆ ಮಾಡಿ ತಟ್ಟಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ.

ಮೊನ್ನೆ ಅದೇ ಮೇಷ್ಟ್ರ ಮನೆಯಿಂದ ಫೋನು ಬಂತು. ಉರಿ ಪಟಪಟ ಅಂತ ಸಿಡಿದು ಆರಿಹೋಗುತ್ತಿದೆಯಂತೆ.

"ಅಮ್ಮ, ಪಿನ್ನು ಹಾಕಿದ್ರಾ?"

"ಇಲ್ಲಪ್ಪಾ, ಪಿನ್ನು ನಾನೇ ಬಚ್ಚಿಟ್ಟಿದ್ದೀನಿ. ಈ ಸಲ ಟ್ಯೂಬ್ ತೊಳೆದು, ಒದ್ದೆ ಒದ್ದೆ ಇರೋವಾಗ್ಲೇ ಕೂರಿಸಿದಾರೆ. ನೀನೇ ಮಾತಾಡು, ಇಲ್ಲೇ ನಿಂತಿದಾರೆ."