ಇಲ್ಲದ ಪಾದ ಉರಿಯುತ್ತದೆ ಎಂದರೆ ಮನಸ್ಸಿನ ಕಾಯಿಲೆಯೇ?

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದಾಗಿ ಅಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಎರಡು ತಿಂಗಳಾಯಿತು. ಇಲ್ಲದ ಪಾದ ಉರಿಯುತ್ತದೆ ಎನ್ನುತ್ತಾರೆ. ಈಗೀಗ ಮಾತೂ ಕಡಿಮೆ. ಇದು ಮನಸ್ಸಿನ ತೊಂದರೆಯೇ?

ಉತ್ತರ: ಆ ಉರಿ ಭ್ರಮೆಯಲ್ಲ, ನಿಜವಾದ ನೋವು. ಕಾಲು ಹೋದರೂ ಮಿದುಳಿನಲ್ಲಿ ಪಾದಕ್ಕೆಂದಿರುವ ಜಾಗ ಅಳಿಸಿಹೋಗುವುದಿಲ್ಲ. ಕತ್ತರಿಸಿದ ನರದ ತುದಿಗಳೂ ಸಂಕೇತ ಕಳಿಸುತ್ತಲೇ ಇರುತ್ತವೆ. ಅಂಗ ಕಳೆದುಕೊಂಡ ಹೆಚ್ಚಿನವರಿಗೆ ಇದರ ಅನುಭವವಿದೆ. ವೈದ್ಯ ಸೈಲಾಸ್ ವಿಯರ್ ಮಿಚೆಲ್ 1870ರ ದಶಕದಲ್ಲೇ ಇದಕ್ಕೆ ‘ಫ್ಯಾಂಟಮ್ ಲಿಂಬ್’ (ಇಲ್ಲದಿದ್ದರೂ ಇದ್ದಂತೆ ಅನ್ನಿಸುವ ಅಂಗ) ಎಂಬ ಹೆಸರು ಕೊಟ್ಟಿದ್ದರು. ‘ಅಲ್ಲಿ ಕಾಲೇ ಇಲ್ಲವಲ್ಲಪ್ಪ’ ಎಂದು ಮನೆಯವರು ಒಮ್ಮೆ ಅಂದರೂ ಸಾಕು, ಎಷ್ಟೋ ಜನ ನೋವು ಹೇಳಿಕೊಳ್ಳುವುದನ್ನೇ ಬಿಟ್ಟುಬಿಡುತ್ತಾರೆ.

ಮೊದಲು ಸ್ಟಂಪ್, ಅಂದರೆ ಉಳಿದ ಕಾಲಿನ ತುದಿ ನೋಡಿ. ಕೆಂಪಗಾಗಿದ್ದರೆ, ಬಿಸಿಯಿದ್ದರೆ, ಕೀವು ಸೋರುತ್ತಿದ್ದರೆ ಅಥವಾ ಒಂದೇ ಜಾಗ ಮುಟ್ಟಿದಾಗ ಚುಚ್ಚಿದಂತಾದರೆ ತಡಮಾಡದೆ ಸರ್ಜನ್‌ಗೆ ತೋರಿಸಿ. ಅದಿಲ್ಲದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಕನ್ನಡಿ ಚಿಕಿತ್ಸೆ ಕಲಿಯಿರಿ. ಎರಡು ಕಾಲುಗಳ ನಡುವೆ ಉದ್ದ ಕನ್ನಡಿ ನಿಲ್ಲಿಸಿ, ಸ್ಟಂಪ್ ಅದರ ಹಿಂದೆ ಮರೆಯಾಗಬೇಕು. ಎಡಪಾದದ ಬೆರಳು ಮಡಚುತ್ತಾ ಬಿಡಿಸುತ್ತಾ, ಬಿಂಬವನ್ನೇ ನೋಡುತ್ತಾ, ಬಲಪಾದವೂ ಹಾಗೇ ಆಡುತ್ತಿದೆ ಎಂದುಕೊಳ್ಳಬೇಕು. ದಿನಕ್ಕೆ 15 ನಿಮಿಷ, ಕನಿಷ್ಠ ನಾಲ್ಕು ವಾರ. ಕೆಲವರಿಗೆ ತಲೆ ಸುತ್ತುತ್ತದೆ, ಅಳು ಬರುತ್ತದೆ. ಆ ದಿನ ಅಲ್ಲಿಗೇ ಬಿಡಿ. ಎಲ್ಲರಿಗೂ ಇದು ಫಲಿಸುವುದಿಲ್ಲ.

ನರದ ನೋವಿಗೆ ವೈದ್ಯರು ಕಡಿಮೆ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್ ಬರೆಯುವುದುಂಟು. ಅದು ಖಿನ್ನತೆಯ ಮಾತ್ರೆಯೆಂದು ಗೊತ್ತಾಗಿ ಗಾಬರಿಯಿಂದ ನಿಲ್ಲಿಸಬೇಡಿ.

ಇನ್ನು ಮಾತು ಕಡಿಮೆಯಾದದ್ದು. ಕಾಲು ಹೋದವರು ದುಃಖಪಡುವುದು ಸಹಜ. ಆ ದುಃಖ ಏರುತ್ತದೆ, ಇಳಿಯುತ್ತದೆ, ನಡುವೆ ಮೊಮ್ಮಕ್ಕಳನ್ನು ಕಂಡಾಗ ಮುಖ ಅರಳುತ್ತದೆ. ಎರಡು ವಾರ ಬಿಡದೆ ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ನಿದ್ದೆ ಕೆಟ್ಟಿದೆ, ಡ್ರೆಸ್ಸಿಂಗ್ ಮಾಡಿಸಿಕೊಳ್ಳಲೂ ಒಲ್ಲೆ ಎನ್ನುತ್ತಾರೆ ಎಂದಾದರೆ ಅದು ಖಿನ್ನತೆ ಇರಬಹುದು. ಮನೋವೈದ್ಯರಿಗೆ ತೋರಿಸಿ. ‘ನಾನು ನಿಮಗೆ ಭಾರ’ ಎಂದರೆ, ‘ಸಾಯಬೇಕು ಅನ್ನಿಸುತ್ತಿದೆಯಾ ಅಪ್ಪ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಇನ್ಸುಲಿನ್ ಮತ್ತು ಮಾತ್ರೆಗಳನ್ನು ನಿಮ್ಮ ಕೈಯಲ್ಲಿಟ್ಟುಕೊಳ್ಳಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೃತಕ ಕಾಲು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಮಾತ್ರ ಹುಟ್ಟಿಸಬೇಡಿ. ಮೊದಲ ತಿಂಗಳುಗಳಲ್ಲಿ ಸ್ಟಂಪ್ ಸಣ್ಣಗಾಗುತ್ತಾ ಹೋಗಿ ಸಾಕೆಟ್, ಅಂದರೆ ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಭಾಗ, ಸಡಿಲವಾಗುತ್ತದೆ, ಉಜ್ಜುತ್ತದೆ. ‘ನನ್ನಿಂದಾಗದು’ ಎಂದು ಎಷ್ಟೋ ಜನ ಕಾಲನ್ನು ಮೂಲೆಗಿಡುವುದು ಆಗಲೇ. ಹೀಗಾಗುತ್ತದೆಂದು ಮೊದಲೇ ಹೇಳಿಡಿ. ಸ್ಟಂಪ್ ಕಾಲುಚೀಲ ಒಂದೆರಡು ಪದರ ಹೆಚ್ಚಿಸಿದರೆ ಅಥವಾ ಸಾಕೆಟ್ ಬದಲಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.